ಸರ್ಪದೃಷ್ಟಿಯಲ್ಲಿ ಮಾನವ

ಕಳೆದ ಶ್ರಾವಣಮಾಸದಲ್ಲಿ ಒಂದು ದಿನ ಒಂಬತ್ತನೆಯ ತರಗತಿಯಲ್ಲಿ ಪದ್ಯಪಾಠವನ್ನು ಮುಗಿಸಿ ಪುಸ್ತಕವನ್ನು ಮುಚ್ಚುವಷ್ಟರಲ್ಲಿ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, “ಗುರುಗಳೇ, ಡ್ರ್ಯಾಗನ್ನಿಗೆ ಮನುಷ್ಯಾರು ಹೆಂಗ ಕಾಣ್ತಾರ್ರಿ?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ಹುಡುಗನು ಮಾತ್ರ ನಗಲಿಲ್ಲ. ಅವನು ಎಲ್ಲಿಯೋ ಒಂದು ಇಂಗ್ಲಿಷ್ ಅದ್ಭುತಕಥೆಯನ್ನು ಓದಿದ್ದನಂತೆ. “ಕಥಿಯೊಳಗ ಬರೇ ಮನುಷ್ಯಾರ ಮಾತಾಡ್ತಾರ್ರಿ. ಅದು ಏನಂತೈತಿ ಅಂತ ಯಾರೂ ಕೇಳಂಗಿಲ್ರಿ” ಎಂದು ತನ್ನ ಸಂಶಯವನ್ನು ವಿವರಿಸಿದನು. ನಾಳೆ ಹೇಳುತ್ತೇನೆಂದು ಆ ದಿನ ಜಾರಿಕೊಂಡೆ. ಆ ನಾಳೆಯು ಇಂದು ಬಂದಿದೆ. ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಛಂದಸ್ಸನ್ನು ಕುರಿತು ಬರೆಯಬೇಕೆಂದಿದ್ದ ನಾನು ಆ ಹುಡುಗನ ಋಣವನ್ನು ಮೊದಲು ತೀರಿಸುವುದು ಯುಕ್ತವೆಂದು ಭಾವಿಸಿದೆನು.

ಮೊದಲು ಪದವಿಚಾರ. ಡ್ರ್ಯಾಗನ್ ಎಂಬ ಪ್ರಾಣಿಗೆ ಕನ್ನಡದಲ್ಲಿ ‘ಘಟಸರ್ಪ’ವೆಂಬ ಹೆಸರು ಬಳಕೆಯಲ್ಲಿದೆ. ಕನ್ನಡ ಬೈಬಲಿನ ಪ್ರಕಟನೆಯ ಗ್ರಂಥದಲ್ಲಿ ಬರುವ ಕೆಂಪು ಮಹಾಸರ್ಪವನ್ನು ಭಾಷಾಂತರಕಾರರು ಈ ಶಬ್ದದಿಂದಲೇ ಕರೆದಿದ್ದಾರೆ. ಆದರೆ ‘ಘಟಸರ್ಪ’ವೆಂದರೆ ನೇರವಾಗಿ ಗಡಿಗೆಯೊಳಗಿನ ಹಾವು ಎಂದೇ ಅರ್ಥ. ಅಪವಾದಕ್ಕೆ ಗುರಿಯಾದವರು ಹಾವಿಟ್ಟ ಗಡಿಗೆಯಲ್ಲಿ ಕೈಯಿಟ್ಟು ಪ್ರಮಾಣ ಮಾಡುವ ದಿವ್ಯವೊಂದಿತ್ತೆಂಬುದು ನಮ್ಮ ಹಿರಿಯರಿಗೆಲ್ಲ ತಿಳಿದ ಸಂಗತಿ. ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕದಲ್ಲಿ (1988) ರಾಣಿಯು ಹುತ್ತದಲ್ಲಿ ಕೈಯಿಟ್ಟು ನಾಗನನ್ನು ಹಿಡಿದು ಆಣೆಯಿಡುವ ಪ್ರಸಂಗವು ಇದೇ ಜಾತಿಯದು. ಸತ್ಯವಂತರನ್ನು ಹಾವು ಕಚ್ಚದು ಎಂಬುದು ಇಲ್ಲಿಯ ನಂಬುಗೆ. ಎಂದರೆ, ಪಶ್ಚಿಮದವರು ಯಾವ ಪ್ರಾಣಿಯನ್ನು ಕೊಲ್ಲತಕ್ಕ ಶತ್ರುವೆಂದು ಬಗೆದರೋ ಅದಕ್ಕೆ ನಾವು ಕೊಟ್ಟ ಹೆಸರಿನೊಳಗೆ ಮನುಷ್ಯನನ್ನು ಪರೀಕ್ಷಿಸುವ ನ್ಯಾಯಾಧೀಶನೊಬ್ಬನು ಕುಳಿತಿದ್ದಾನೆ. ಹುಡುಗನ ಪ್ರಶ್ನೆಗೆ ಅರ್ಧ ಉತ್ತರವು ಈ ಪದದಲ್ಲಿಯೇ ಇತ್ತು. ನನಗೆ ಆ ದಿನ ಹೊಳೆಯಲಿಲ್ಲ.

ಪಶ್ಚಿಮದ ಘಟಸರ್ಪದ ವಿಷಯವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಸುಮಾರು 1000 ವರ್ಷಗಳ ಹಿಂದಿನ ಹಸ್ತಪ್ರತಿಯಲ್ಲಿ ಉಳಿದು ಬಂದಿರುವ ‘ಬಿಯೊವುಲ್ಫ್’ ಎಂಬ ಹಳೆಯ ಇಂಗ್ಲಿಷ್ ಮಹಾಕಾವ್ಯದಲ್ಲಿ ಸರ್ಪವೊಂದು 300 ವರ್ಷಗಳ ಕಾಲ ನೆಲದೊಳಗಿನ ನಿಧಿಯನ್ನು ಕಾಯ್ದುಕೊಂಡು ಯಾರ ತಂಟೆಗೂ ಹೋಗದೆ ಮಲಗಿರುತ್ತದೆ. ಒಬ್ಬನು ನುಸುಳಿ ಬಂದು ಒಂದು ಬಟ್ಟಲನ್ನು ಕದಿಯುತ್ತಾನೆ. ಆಗ ಅದು ಎದ್ದು ಊರೂರನ್ನು ಸುಡುತ್ತದೆ. ಟೋಲ್ಕಿನ್ ಎಂಬ ಪಂಡಿತರು 1937ರಲ್ಲಿ ಪ್ರಕಟಿಸಿದ ‘ದಿ ಹಾಬಿಟ್’ ಕಥೆಯಲ್ಲಿಯೂ ಹೀಗೆಯೇ ಒಂದು ಬಟ್ಟಲು ಕಳವಾಗುತ್ತದೆ. ಅಲ್ಲಿಯ ಸರ್ಪಕ್ಕೆ ಮಾತು ಬರುತ್ತದೆ. ಬಂದವನೊಡನೆ ನಯವಾಗಿ ಸಂಭಾಷಿಸಿ, ನಿನ್ನ ಸಂಗಡಿಗರು ನಿನಗೆ ಪಾಲು ಕೊಡುವರೆಂದು ನಂಬಿದೆಯಾ ಎಂಬ ಸಂಶಯವನ್ನು ಅವನ ಕಿವಿಯಲ್ಲಿ ಬಿತ್ತುತ್ತದೆ. ಉತ್ತರ ಯುರೋಪಿನ ಫಾಫ್ನಿರನ ಕಥೆಯಂತೂ ಇನ್ನೂ ಮರ್ಮದ್ದು: ಅವನು ಹುಟ್ಟಿನಿಂದ ಸರ್ಪನಲ್ಲ, ಚಿನ್ನದಾಸೆಗೆ ತಂದೆಯನ್ನೇ ಕೊಂದು, ಆ ಚಿನ್ನದ ಮೇಲೆ ಸುತ್ತಿಕೊಂಡು ಮಲಗಿ ಸರ್ಪವಾದವನು. ಚೀನದೇಶದಲ್ಲಿಯಾದರೋ ಘಟಸರ್ಪವು ಮಳೆಗೂ ನದಿಗಳಿಗೂ ಒಡೆಯನಾದ ಮಂಗಳಮೂರ್ತಿ. ನಿಧಿ ಕಾಯುವ ಸರ್ಪದ ಕಥೆ ನಮ್ಮ ಸೀಮೆಯವರಿಗೆ ಹೊಸದಲ್ಲ. ಪಾಳುಗುಡಿಯ ಗರ್ಭಗೃಹವನ್ನು ನಡುರಾತ್ರಿ ಅಗೆದು, ಲಿಂಗವನ್ನು ಕಿತ್ತು, ನಂದಿಯನ್ನು ಒಡೆದು ಹೋಗುವ ನಿಧಿಗಳ್ಳರ ಕಾಟವನ್ನು ಕಂಡಿರುವ ನಾವು, ಆ ಕಥೆಯಲ್ಲಿ ಯಾರ ಪಕ್ಷವನ್ನು ವಹಿಸಬೇಕೆಂದು ಹೆಚ್ಚು ಯೋಚಿಸಬೇಕಾಗಿಲ್ಲ.

ಇನ್ನು ನಮ್ಮ ಸಾಹಿತ್ಯಕ್ಕೆ ಬರೋಣ. ನಮ್ಮಲ್ಲಿ ಬೆಂಕಿಯುಗುಳುವ ರೆಕ್ಕೆಯ ಸರ್ಪವಿಲ್ಲ. ಅದರ ಸ್ಥಾನದಲ್ಲಿ ನಾಗರಿದ್ದಾರೆ. ನಾಗರಿಗೆ ಲೋಕವುಂಟು, ರಾಜನುಂಟು, ಮಂತ್ರಿಯುಂಟು, ನೆನಪುಂಟು. ಎಲ್ಲಕ್ಕಿಂತ ಮಿಗಿಲಾಗಿ ಮಾತುಂಟು. ಆದುದರಿಂದ ಅವರಿಗೆ ನಾವು ಹೇಗೆ ಕಾಣುತ್ತೇವೆಂಬುದನ್ನು ಊಹಿಸಬೇಕಾಗಿಲ್ಲ, ಕಾವ್ಯಗಳನ್ನು ತೆರೆದು ಕೇಳಿದರೆ ಸಾಕು.

ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಸರ್ಪಕ್ಕಿರುವ ಪರ್ಯಾಯ ಪದಗಳು ನೆನಪಿನಲ್ಲಿರುತ್ತವೆ. ಎದೆಯಿಂದ ನಡೆಯುವುದು ಉರಗ, ಸೊಟ್ಟಗೆ ಸಾಗುವುದು ಜಿಹ್ಮಗ, ಬಿಲದಲ್ಲಿ ಮಲಗುವುದು ಬಿಲೇಶಯ, ಗಾಳಿಯನ್ನೇ ಉಣ್ಣುವುದು ಪವನಾಶನ, ಕಾಲನ್ನು ಮುಚ್ಚಿಟ್ಟುಕೊಂಡದ್ದು ಗೂಢಪಾದ, ಕಣ್ಣಿನಿಂದಲೇ ಕೇಳುವುದು ಚಕ್ಷುಃಶ್ರವ. ಇವು ಬರಿಯ ಅಲಂಕಾರವಲ್ಲ. ಹಾವಿಗೆ ಹೊರಗಿವಿಯಿಲ್ಲವೆಂಬುದನ್ನು ನೋಡಿದವನೇ ಚಕ್ಷುಃಶ್ರವವೆಂದನು. ನೆಲದ ಕಂಪನವನ್ನು ಅದು ದವಡೆಯ ಎಲುಬಿನ ಮೂಲಕ ಒಳಗಿವಿಗೆ ಮುಟ್ಟಿಸಿಕೊಳ್ಳುತ್ತದೆಂದು ಇಂದಿನ ಪ್ರಾಣಿಶಾಸ್ತ್ರವು ಹೇಳುತ್ತದೆ. ವಾರಗಟ್ಟಲೆ ಆಹಾರವಿಲ್ಲದೆ ಇರಬಲ್ಲುದಾದ್ದರಿಂದ ಪವನಾಶನವೆಂದದ್ದು ಕೂಡ ಕಂಡು ಹೇಳಿದ ಮಾತೇ. ಆದರೆ ಈ ಹೆಸರುಗಳೆಲ್ಲ ನಾವು ಇಟ್ಟವು. ಹಾವುಗಳು ಒಂದು ಕೋಶವನ್ನು ರಚಿಸಿದ್ದರೆ ಅದರ ಮನುಷ್ಯವರ್ಗದಲ್ಲಿ ಯಾವ ಪದಗಳಿರುತ್ತಿದ್ದುವು? ವಿನೋದಕ್ಕಾಗಿ ಕೆಲವನ್ನು ನಾನೇ ಕಟ್ಟಿ ಮಕ್ಕಳಿಗೆ ಹೇಳಿದೆನು: ನೆಟ್ಟಗೆ ನಿಂತು ನಡೆಯುವುದರಿಂದ ಊರ್ಧ್ವಗ, ನೆಲವನ್ನು ನಡುಗಿಸಿಕೊಂಡು ಬರುವುದರಿಂದ ಭೂಕಂಪನ, ಬಿಲವನ್ನು ಅಗೆಯುವುದರಿಂದ ಬಿಲಭೇದಿ, ಕೈಯಲ್ಲಿ ಕೋಲು ಹಿಡಿದಿರುವುದರಿಂದ ದಂಡಧರ. ಕೊನೆಯ ಪದವನ್ನು ಹೇಳಿದ ಮೇಲೆ ನಾನೇ ಒಂದು ಕ್ಷಣ ಸುಮ್ಮನಾದೆ. ಅಮರಕೋಶದಲ್ಲಿ ದಂಡಧರನೆಂದರೆ ಯಮ.

ಮಹಾಭಾರತದ ಆದಿಪರ್ವದಲ್ಲಿ ರುರುವೆಂಬ ಋಷಿಕುಮಾರನ ಕಥೆಯಿದೆ. ಅವನ ಭಾವೀ ಪತ್ನಿ ಪ್ರಮದ್ವರೆಯನ್ನು ಹಾವು ಕಚ್ಚುತ್ತದೆ. ತನ್ನ ಆಯುಷ್ಯದಲ್ಲಿ ಅರ್ಧವನ್ನು ಕೊಟ್ಟು ಅವಳನ್ನು ಬದುಕಿಸಿಕೊಂಡ ರುರುವು ಅಂದಿನಿಂದ ಕೋಲು ಹಿಡಿದು ಕಂಡ ಕಂಡ ಹಾವುಗಳನ್ನೆಲ್ಲ ಬಡಿದು ಕೊಲ್ಲುವ ವ್ರತವನ್ನು ತೊಡುತ್ತಾನೆ. ಒಂದು ದಿನ ಕಾಡಿನಲ್ಲಿ ಮುದಿಯಾದ ಡುಂಡುಭವೊಂದು ಮಲಗಿರುತ್ತದೆ. ಡುಂಡುಭವೆಂದರೆ ವಿಷವಿಲ್ಲದ ಹಾವು. ನಮ್ಮ ಕಡೆ ‘ಒಳ್ಳೆ’ ಎನ್ನುತ್ತೇವಲ್ಲ, ಆ ಜಾತಿಯದು. ರುರುವು ಕೋಲೆತ್ತಿದಾಗ ಅದು, ತಾನು ಅವನಿಗೆ ಯಾವ ಅಪರಾಧವನ್ನೂ ಮಾಡಿಲ್ಲವೆಂದೂ, ಮನುಷ್ಯರನ್ನು ಕಚ್ಚುವ ಹಾವುಗಳೇ ಬೇರೆಯೆಂದೂ, ರೂಪವೊಂದೇ ಎಂಬ ಕಾರಣಕ್ಕೆ ಡುಂಡುಭಗಳನ್ನು ಕೊಲ್ಲುವುದು ಧರ್ಮವಲ್ಲವೆಂದೂ ತಿಳಿಸುತ್ತದೆ. ಆ ಡುಂಡುಭವು ಪೂರ್ವದಲ್ಲಿ ಸಹಸ್ರಪಾದನೆಂಬ ಋಷಿ. ಹುಲ್ಲಿನಿಂದ ಮಾಡಿದ ಹಾವನ್ನು ತೋರಿಸಿ ಗೆಳೆಯನನ್ನು ಹೆದರಿಸಿದ್ದಕ್ಕಾಗಿ ಅವನಿಂದಲೇ ಶಪಿಸಲ್ಪಟ್ಟವನು. ಮಹಾಭಾರತವು ಲಕ್ಷ ಶ್ಲೋಕಗಳ ಕಥೆಯನ್ನು ಹೇಳುವ ಮೊದಲು, ಬಾಗಿಲಿನಲ್ಲಿಯೇ ಎನ್ನುವಂತೆ, ಈ ಮುದಿಹಾವಿನ ಬಾಯಿಂದ ಈ ಮಾತನ್ನಾಡಿಸಿರುವುದು ಆಕಸ್ಮಿಕವಿರಲಾರದು. ಏಕೆಂದರೆ ಆ ಮಹಾಕಥೆಯನ್ನು ವೈಶಂಪಾಯನರು ಹೇಳುವುದು ಜನಮೇಜಯನ ಸರ್ಪಯಾಗದಲ್ಲಿ. ಹಾವುಗಳು ರಾಶಿರಾಶಿಯಾಗಿ ಬೆಂಕಿಯಲ್ಲಿ ಬೀಳುತ್ತಿರುವ ಸ್ಥಳದಲ್ಲಿ ಮನುಷ್ಯರ ಶೌರ್ಯದ ಕಥೆಯನ್ನು ಮನುಷ್ಯರು ಕೇಳುತ್ತ ಕುಳಿತಿದ್ದರು.

ಈ ಹಗೆಯ ಮೂಲವನ್ನು ಹುಡುಕುತ್ತ ಹೋದರೆ ಖಾಂಡವವನ ಸಿಗುತ್ತದೆ. ಅಗ್ನಿಗೆ ಹಸಿವಾಯಿತು. ಕೃಷ್ಣಾರ್ಜುನರು ಕಾಡನ್ನು ಸುತ್ತುಗಟ್ಟಿ, ಹೊರಬಿದ್ದ ಪ್ರಾಣಿಗಳನ್ನೆಲ್ಲ ಮರಳಿ ಬೆಂಕಿಗೆ ತಳ್ಳಿದರು. ತಕ್ಷಕನು ಆ ದಿನ ಅಲ್ಲಿರಲಿಲ್ಲ, ಕುರುಕ್ಷೇತ್ರಕ್ಕೆ ಹೋಗಿದ್ದನು. ಅವನ ಹೆಂಡತಿಯು ಮಗ ಅಶ್ವಸೇನನನ್ನು ಉಳಿಸಬೇಕೆಂದು ಅವನನ್ನು ನುಂಗಿಕೊಂಡು ಆಕಾಶಕ್ಕೆ ನೆಗೆದಳು. ಅರ್ಜುನನ ಬಾಣ ಅವಳ ತಲೆಯನ್ನು ಕತ್ತರಿಸಿತು. ಇಂದ್ರನು ಎಬ್ಬಿಸಿದ ಗಾಳಿಯಲ್ಲಿ ಮಗನೊಬ್ಬನು ಉಳಿದನು. ಇರಾವತಿ ಕರ್ವೆಯವರು ತಮ್ಮ ಪ್ರಸಿದ್ಧ ಮರಾಠಿ ಕೃತಿ ‘ಯುಗಾಂತ’ದಲ್ಲಿ, ಹೊಸ ರಾಜ್ಯಕ್ಕೆ ನೆಲವನ್ನು ಬಿಡಿಸಿಕೊಂಡ ಕ್ರೌರ್ಯವನ್ನು ಈ ದಹನದಲ್ಲಿ ಕಂಡಿದ್ದಾರೆ. ಅಶ್ವಸೇನನಿಗೆ ಈ ವ್ಯಾಖ್ಯಾನದ ಅಗತ್ಯವಿರಲಿಲ್ಲ. ಅವನ ಪಾಲಿಗೆ ಮನುಷ್ಯನೆಂದರೆ ತಾಯಿಯ ತಲೆಯನ್ನು ಕತ್ತರಿಸಿದವನು, ಅಷ್ಟೆ. ವರ್ಷಗಳು ಕಳೆದ ಮೇಲೆ ಕುರುಕ್ಷೇತ್ರದಲ್ಲಿ ಕರ್ಣನ ಬಾಣದಲ್ಲಿ ಸೇರಿಕೊಂಡು ಅರ್ಜುನನ ಕೊರಳಿಗೆ ಬಂದನು. ಕೃಷ್ಣನು ರಥವನ್ನು ನೆಲಕ್ಕೆ ಒತ್ತಿದ್ದರಿಂದ ಕಿರೀಟ ಹೋಯಿತು, ತಲೆ ಉಳಿಯಿತು. ಹಿಂದಿರುಗಿ ಬಂದು, ಇನ್ನೊಮ್ಮೆ ತನ್ನನ್ನು ತೊಡಬೇಕೆಂದು ಕರ್ಣನನ್ನು ಬೇಡಿದನು. ಕರ್ಣನು ಒಪ್ಪಲಿಲ್ಲ.

ಈ ಪ್ರಸಂಗವನ್ನು ಪಂಪನೂ ಕುಮಾರವ್ಯಾಸನೂ ತಮ್ಮ ತಮ್ಮ ಕಾವ್ಯಗಳಲ್ಲಿ ತಂದಿದ್ದಾರೆ. ಪಾಠ ಹೇಳುವಾಗ ನಾವು ಸಾಮಾನ್ಯವಾಗಿ ಕರ್ಣನ ನಿರಾಕರಣೆಯನ್ನು ಕೊಂಡಾಡಿ, ಅವನ ಛಲವನ್ನು ವರ್ಣಿಸಿ ಮುಂದಕ್ಕೆ ಹೋಗುತ್ತೇವೆ. ಪರೀಕ್ಷೆಯಲ್ಲಿಯೂ ಅದೇ ಪ್ರಶ್ನೆ ಬರುತ್ತದೆ. ಮೂವತ್ತು ವರ್ಷ ನಾನೂ ಹಾಗೆಯೇ ಮಾಡಿದೆ. ಆದರೆ ಅಶ್ವಸೇನನ ಕಡೆಯಿಂದ ನೋಡಿದರೆ ದೃಶ್ಯ ಬೇರೆಯಾಗುತ್ತದೆ. ಒಬ್ಬ ಮನುಷ್ಯ ತನ್ನ ಮನೆಯನ್ನು ಸುಟ್ಟ. ಇನ್ನೊಬ್ಬ ಮನುಷ್ಯ ತನ್ನ ನೋವಿಗೆ ಬೆಲೆ ಕೊಡದೆ, ತನ್ನ ಮಾತಿನ ಮರ್ಯಾದೆಯೇ ದೊಡ್ಡದೆಂದ. ಇಬ್ಬರೂ ವೀರರೇ. ಇಬ್ಬರ ವೀರಗಾಥೆಯಲ್ಲಿಯೂ ಅವನಿಗೆ ಬಾಣಕ್ಕಿಂತ ಹೆಚ್ಚಿನ ಸ್ಥಾನವಿರಲಿಲ್ಲ.

ತಕ್ಷಕನ ದೃಷ್ಟಿ ಮಗನದಕ್ಕಿಂತ ಸೂಕ್ಷ್ಮವಾದುದು. ಪರೀಕ್ಷಿತನು ಏಳನೆಯ ದಿನ ತಕ್ಷಕನಿಂದ ಸಾಯಲೆಂದು ಶಾಪವಾಗಿದೆ. ಅವನನ್ನು ಬದುಕಿಸಲು ಕಾಶ್ಯಪನೆಂಬ ವಿಷವೈದ್ಯನು ಹಸ್ತಿನಾವತಿಗೆ ಹೊರಟಿದ್ದಾನೆ. ದಾರಿಯಲ್ಲಿ ತಕ್ಷಕನು ಎದುರಾಗಿ, ಒಂದು ಆಲದ ಮರವನ್ನು ಕಚ್ಚಿ ಬೂದಿ ಮಾಡುತ್ತಾನೆ. ಕಾಶ್ಯಪನು ಆ ಬೂದಿಯನ್ನು ಕೂಡಿಸಿ ಮರವನ್ನು ಮತ್ತೆ ಚಿಗುರಿಸುತ್ತಾನೆ. ವಿಷವು ಸೋತಿತು. ಆಗ ತಕ್ಷಕನು ಹೆಡೆ ಬಿಚ್ಚಲಿಲ್ಲ, ಹಣ ಬಿಚ್ಚಿದನು. ರಾಜನಿಂದ ನಿನಗೆ ಎಷ್ಟು ದೊರೆಯಬಹುದೋ ಅದಕ್ಕಿಂತ ಹೆಚ್ಚನ್ನು ನಾನು ಕೊಡುತ್ತೇನೆ, ಹಿಂದಿರುಗು ಎಂದನು. ಕಾಶ್ಯಪನು ಪರೀಕ್ಷಿತನ ಆಯುಷ್ಯವು ಮುಗಿದಿದೆಯೆಂದು ಧ್ಯಾನದಿಂದ ತಿಳಿದು, ಧನವನ್ನು ತೆಗೆದುಕೊಂಡು ಮನೆಗೆ ಹೋದನು. ವ್ಯಾಸರು ವೈದ್ಯನನ್ನು ಬೈಯುವುದಿಲ್ಲ. ಆದರೆ ಮನುಷ್ಯರ ಬಗ್ಗೆ ಸರ್ಪವೊಂದು ಏನನ್ನು ಅರಿತಿತ್ತೆಂಬುದು ಇದಕ್ಕಿಂತ ನಿಚ್ಚಳವಾಗಿ ಇನ್ನೆಲ್ಲಿಯೂ ಬಂದಂತಿಲ್ಲ: ವಿದ್ಯೆಯನ್ನು ಗೆಲ್ಲಲಾರದ ವಿಷವು ವಿದ್ವಾಂಸನನ್ನು ಕೊಂಡುಕೊಂಡಿತು.

ಪರೀಕ್ಷಿತನ ಈ ಪಾಠದೊಡನೆ ನನಗೊಂದು ಮರೆಯಲಾಗದ ನೋವು ಹೆಣೆದುಕೊಂಡಿದೆ. ಹಲವು ವರ್ಷಗಳ ಹಿಂದಿನ ಮಾತು. ಎಂಟನೆಯ ತರಗತಿಯಲ್ಲಿ ತಕ್ಷಕ ಕಾಶ್ಯಪರ ಸಂವಾದವನ್ನು ರಾಗವಾಗಿ ಹೇಳಿ, ಮಕ್ಕಳ ಕಣ್ಣರಳಿಸಿ, ಸಂತೋಷಪಟ್ಟಿದ್ದೆ. ಅದೇ ವಾರ ಆ ತರಗತಿಯ ಒಬ್ಬ ಹುಡುಗನು ಹೊಲದ ಗುಡಿಸಲಿನಲ್ಲಿ ತಂದೆಯೊಡನೆ ನೆಲದ ಮೇಲೆ ಮಲಗಿದ್ದಾಗ ಬೆಳಗಿನ ಜಾವದಲ್ಲಿ ಹಾವು ಕಚ್ಚಿತು. ಗಾಯ ಕಾಣಲಿಲ್ಲ, ಉರಿಯಲಿಲ್ಲ. ಹೊಟ್ಟೆನೋವೆಂದನು. ಸ್ವಲ್ಪ ಹೊತ್ತಿಗೆ ರೆಪ್ಪೆಗಳು ಜೋತುಬಿದ್ದುವು. ಕಪ್ಪು ಮೈಮೇಲೆ ಬಿಳಿಯ ಕಟ್ಟುಗಳಿರುವ ಕಟ್ಟುಹಾವಿನ ಲಕ್ಷಣವಿದು. ಮೊದಲು ಬೇರು ಕೊಡುವವರ ಬಳಿಗೆ, ಅಲ್ಲಿಂದ ಇನ್ನೊಂದೂರಿನ ಮಂತ್ರದವರ ಬಳಿಗೆ ಕರೆದೊಯ್ದರು. ಆಸ್ಪತ್ರೆಯನ್ನು ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಆ ಮಂತ್ರದವರನ್ನು ನಾನು ದೂರಲಾರೆ. ನನ್ನ ಕೆಲಸವೇನು ಕಡಮೆಯದಾಗಿತ್ತು? ಕಾಶ್ಯಪನ ಕಥೆಯನ್ನು ಮಕ್ಕಳಿಗೆ ಮನಮುಟ್ಟುವಂತೆ ಹೇಳಿದ್ದೆ. ಈಗಿನ ಕಾಲದ ಕಾಶ್ಯಪನು ಎಲ್ಲಿ ಕುಳಿತಿದ್ದಾನೆಂಬುದನ್ನು ಹೇಳಿರಲಿಲ್ಲ.

ಅವನು ಸರಕಾರಿ ಆಸ್ಪತ್ರೆಯಲ್ಲಿ, ಗಾಜಿನ ಸಣ್ಣ ಸೀಸೆಯೊಳಗಿದ್ದಾನೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ ಎಂಬ ನಾಲ್ಕರ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಕುದುರೆಗಳಿಗೆ ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟುವ ಪ್ರತಿರೋಧದ ಸಾರವನ್ನು ತೆಗೆದು ಈ ಔಷಧವನ್ನು ಮಾಡುತ್ತಾರೆ. ವಿಷವು ಮುಖ್ಯವಾಗಿ ಬರುವುದು 1978ರಲ್ಲಿ ತಮಿಳುನಾಡಿನಲ್ಲಿ ಇರುಳಿಗ ಜನರು ಕಟ್ಟಿಕೊಂಡ ಸಹಕಾರ ಸಂಘದಿಂದ. ತಲೆತಲಾಂತರದಿಂದ ಹಾವು ಹಿಡಿಯುತ್ತಿದ್ದವರೇ ಈಗ ಹಾವನ್ನು ಕೊಲ್ಲದೆ ವಿಷವನ್ನು ತೆಗೆದು ಮರಳಿ ಬಿಡುತ್ತಾರೆ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವು ಅಂದಾಜು ಮಾಡಿದೆ; ವರ್ಷಕ್ಕೆ ಸರಾಸರಿ 58,000. ಇವರಲ್ಲಿ ಬಹುಪಾಲು ಹಳ್ಳಿಯವರು. ಕರ್ನಾಟಕ ಸರಕಾರವು 2024ರಲ್ಲಿ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ವರದಿ ಮಾಡಲೇಬೇಕೆಂದು ಆಜ್ಞೆ ಮಾಡಿತು. ಕಚ್ಚಿದ ಜಾಗವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ಹಗ್ಗದಿಂದ ಬಿಗಿಯಬಾರದು. ಕೈಕಾಲುಗಳನ್ನು ಅಲುಗಿಸದಂತೆ ಮಲಗಿಸಿ, ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ಯಬೇಕು. ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿಕೊಳ್ಳಬೇಕು. ಆ ಹುಡುಗ ಹೋದ ಮೇಲೆ ಪರೀಕ್ಷಿತನ ಪಾಠವನ್ನು ಈ ನಾಲ್ಕು ಮಾತುಗಳಿಲ್ಲದೆ ನಾನು ಮುಗಿಸಿಲ್ಲ. ಪಠ್ಯಕ್ಕೆ ಸಂಬಂಧವಿಲ್ಲದ ವಿಷಯವೆಂದು ಒಮ್ಮೆ ಒಬ್ಬರು ಆಕ್ಷೇಪಿಸಿದರು. ಇದೇ ಪಠ್ಯವೆಂದು ಉತ್ತರ ಕೊಟ್ಟೆ.

ಇರಲಿ. ಪ್ರಕೃತವನ್ನು ಅನುಸರಿಸೋಣ. ಮನುಷ್ಯರನ್ನು ಕುರಿತು ನಾಗರು ಸಭೆ ಸೇರಿ ಚರ್ಚಿಸಿದ ಪ್ರಸಂಗವೊಂದು ಕನ್ನಡದಲ್ಲಿದೆ. ಲಕ್ಷ್ಮೀಶನ ‘ಜೈಮಿನಿ ಭಾರತ’ವನ್ನು ಓದಿದವರಿಗೆ ಬಭ್ರುವಾಹನನ ಕಾಳಗವು ಗೊತ್ತಿದೆ. ತಂದೆಯೆಂದು ಗೌರವದಿಂದ ಬಂದ ಮಗನನ್ನು ಅರ್ಜುನನು ಹೀಯಾಳಿಸಿ, ಯುದ್ಧದಲ್ಲಿ ಅವನಿಂದಲೇ ತಲೆಯನ್ನು ಕಳೆದುಕೊಳ್ಳುತ್ತಾನೆ. ಸತ್ತವರನ್ನು ಬದುಕಿಸುವ ಮಣಿ ಪಾತಾಳದಲ್ಲಿ ಶೇಷನ ಬಳಿಯಿದೆ. ನಾಗಕನ್ಯೆಯಾದ ಉಲೂಪಿಯು ಅದನ್ನು ಬೇಡಿ ಕಳುಹಿಸುತ್ತಾಳೆ. ಶೇಷನಿಗೆ ಕೊಡಬೇಕೆಂಬ ಮನಸ್ಸಿದೆ. ಧೃತರಾಷ್ಟ್ರನೆಂಬ ನಾಗನು ಅಡ್ಡಬರುತ್ತಾನೆ. ಮಣಿಯನ್ನು ಮರ್ತ್ಯರ ಕೈಗೆ ಕೊಡಲಾಗದೆಂಬುದು ಅವನ ಪಕ್ಷ. ಬೇಡಿದ್ದು ಯಾರ ಜೀವಕ್ಕಾಗಿ ಎಂಬುದನ್ನು ಇಲ್ಲಿ ಮರೆಯಬಾರದು: ಖಾಂಡವವನ್ನು ಸುಟ್ಟವನ ಜೀವಕ್ಕಾಗಿ. ಹೀಗಿರಲಾಗಿ ಧೃತರಾಷ್ಟ್ರನನ್ನು ಬರಿಯ ದುಷ್ಟಮಂತ್ರಿಯೆಂದು ತಳ್ಳಿಬಿಡುವುದು ಸಹೃದಯರ ಲಕ್ಷಣವಲ್ಲ. ಅವನ ಸಲಹೆ ನಡೆಯಿತು, ಬಭ್ರುವಾಹನನು ಪಾತಾಳಕ್ಕೆ ದಂಡೆತ್ತಿದನು, ನಾಗರು ಸೋತರು, ಕೊನೆಗೆ ಶೇಷನು ಮಣಿಯನ್ನು ಕೊಟ್ಟನು. ಬೇಡಿದಾಗ ಕೊಡದಿದ್ದರೆ ಬಡಿದು ಒಯ್ಯುವರೆಂಬ ಅವರ ಅಂಜಿಕೆಯನ್ನು ಮನುಷ್ಯನು ನಿಜ ಮಾಡಿ ತೋರಿಸಿದನು. ಆದರೂ, ಮನುಷ್ಯನನ್ನು ನಂಬಬಹುದೆಂಬ ಶೇಷನೂ ನಂಬಲಾಗದೆಂಬ ಧೃತರಾಷ್ಟ್ರನೂ ಒಂದೇ ಸಭೆಯಲ್ಲಿ ಕುಳಿತಿದ್ದರೆಂಬುದು ಗಮನಿಸತಕ್ಕ ಸಂಗತಿ. ಹಾವುಗಳನ್ನು ಕುರಿತು ನಮ್ಮ ಯಾವ ಸಭೆಯಲ್ಲಾದರೂ ಇಂಥ ಭಿನ್ನಾಭಿಪ್ರಾಯ ಬಂದದ್ದುಂಟೇ?

ಶೇಷನ ಪಕ್ಷಕ್ಕೆ ಸೇರಿದವರು ಇನ್ನೂ ಇದ್ದಾರೆ. ಪಾರ್ಶ್ವನಾಥನ ಜೈನಪುರಾಣದಲ್ಲಿ ಉರಿಯುವ ಮರದ ತುಂಡಿನೊಳಗೆ ಸಿಕ್ಕ ಸರ್ಪದಂಪತಿಗಳ ಮೇಲೆ ಅವನು ಕರುಣೆ ತೋರುತ್ತಾನೆ. ಅವು ಧರಣೇಂದ್ರ ಪದ್ಮಾವತಿಯರಾಗಿ ಹುಟ್ಟಿ, ಮುಂದೆ ಬಿರುಮಳೆಯಲ್ಲಿ ಅವನ ತಲೆಯ ಮೇಲೆ ಹೆಡೆಯನ್ನು ಹಿಡಿಯುತ್ತವೆ. ನಳನು ಕಾಡ್ಗಿಚ್ಚಿನಿಂದ ಎತ್ತಿ ತಂದ ಕಾರ್ಕೋಟಕನಾದರೋ ಉಪಕಾರಕ್ಕೆ ಪ್ರತಿಯಾಗಿ ಕಚ್ಚಿಯೇಬಿಡುತ್ತಾನೆ. ನಮ್ಮ ಕನಕದಾಸರ ‘ನಳಚರಿತ್ರೆ’ಯನ್ನು ಓದುವ ಮಕ್ಕಳು ಇಲ್ಲಿ ಸಿಟ್ಟಾಗುತ್ತಾರೆ. ಆದರೆ ಆ ಕಡಿತದಿಂದ ನಳನು ಕುರೂಪಿಯಾಗಿ ಯಾರಿಗೂ ಗುರುತು ಸಿಗದೆ ಉಳಿಯುತ್ತಾನೆ. ಅವನೊಳಗೆ ಹೊಕ್ಕಿದ್ದ ಕಲಿಗೆ ಮಾತ್ರ ಆ ವಿಷ ತಟ್ಟುತ್ತದೆ. ಕಚ್ಚುವುದನ್ನು ಬಿಟ್ಟು ಬೇರೆ ಕೊಡುಗೆಯಿಲ್ಲದವನು ಅದನ್ನೇ ಔಷಧವನ್ನಾಗಿ ಮಾಡಿ ಕೊಟ್ಟನು.

ನಹುಷನ ಕಥೆಗೆ ಬಂದಾಗ ವ್ಯಾಕರಣವೂ ಕಥೆಯೂ ಕೈಹಿಡಿದು ನಡೆಯುತ್ತವೆ. ಇಂದ್ರಪದವಿಗೇರಿದ ನಹುಷನು ಪಲ್ಲಕ್ಕಿಯನ್ನು ಋಷಿಗಳ ಹೆಗಲ ಮೇಲಿಟ್ಟು, ಬೇಗ ನಡೆಯಿರೆಂದು ‘ಸರ್ಪ, ಸರ್ಪ’ ಎಂದು ಕಾಲಿನಿಂದ ಒದ್ದನಂತೆ. ‘ಸೃಪ್’ ಧಾತುವಿಗೆ ಸಾಗು, ತೆವಳು ಎಂದು ಅರ್ಥ. ಅಗಸ್ತ್ಯರು ಅದೇ ಶಬ್ದವನ್ನು ಅವನಿಗೆ ಮರಳಿಸಿ ‘ಸರ್ಪೋ ಭವ’ ಎಂದರು. ಫಾಫ್ನಿರನು ಚಿನ್ನದಿಂದ ಸರ್ಪವಾದರೆ ನಹುಷನು ಹಮ್ಮಿನಿಂದ ಸರ್ಪವಾದನು. ವನಪರ್ವದಲ್ಲಿ ಹೆಬ್ಬಾವಾಗಿ ಬಿದ್ದಿದ್ದ ಅವನು ಭೀಮನನ್ನು ಸುತ್ತಿ ಹಿಡಿಯುತ್ತಾನೆ. ಬಿಡಿಸಲು ಬಂದ ಧರ್ಮರಾಯನಿಗೆ ಹಾಕುವ ಪ್ರಶ್ನೆ ಬ್ರಾಹ್ಮಣನೆಂದರೆ ಯಾರು ಎಂಬುದು. ಧರ್ಮರಾಯನು ಸತ್ಯ, ದಾನ, ಕ್ಷಮೆ, ಶೀಲ, ಅಹಿಂಸೆ ಮೊದಲಾದ ಗುಣಗಳು ಯಾರಲ್ಲಿವೆಯೋ ಅವನೇ, ಹುಟ್ಟಿನಿಂದಲ್ಲ ಎಂದು ಉತ್ತರಿಸುತ್ತಾನೆ. ಹೆಬ್ಬಾವಿಗೆ ತೃಪ್ತಿಯಾಗಿ ಭೀಮನನ್ನು ಬಿಡುತ್ತದೆ. ನೆಲಕ್ಕೆ ಹೊಟ್ಟೆಯನ್ನು ಹಚ್ಚಿ ಮಲಗಿದ ಜೀವಕ್ಕೆ ಮನುಷ್ಯರ ಕುಲಗಳ ಎತ್ತರ ತಗ್ಗುಗಳು ಕಾಣುವುದಿಲ್ಲವೆಂದು ನಾನು ಇದಕ್ಕೆ ಟೀಕೆ ಹೇಳುತ್ತೇನೆ. ಶಾಸ್ತ್ರಸಮ್ಮತವೋ ಅಲ್ಲವೋ, ಮಕ್ಕಳು ಒಪ್ಪಿದ್ದಾರೆ.

ಇಷ್ಟು ಹೊತ್ತು ಪಾತಾಳದಲ್ಲಿ ಸುತ್ತಿದ್ದಾಯಿತು, ಇನ್ನು ನಮ್ಮ ಹೊಲಗಳಿಗೆ ಹೋಗೋಣ. 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲೂಕುಗಳು ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿದ ಬೆದ್ದಲುಭೂಮಿ. ಜೋಳ, ಶೇಂಗಾ, ಮೆಕ್ಕೆಜೋಳ ಎಂದರೆ ಇಲಿ, ಇಲಿಯೆಂದರೆ ಹಾವು. ಇಲ್ಲಿಯ ಊರ ಮುಂದಿನ ಬೇವಿನಡಿಯ ಅರಳಿಯಡಿಯ ಕಟ್ಟೆಗಳ ಮೇಲೆ ನಾಗರಕಲ್ಲುಗಳು ನಿಂತಿವೆ. ನಾಗರಪಂಚಮಿ ಬಂತೆಂದರೆ ಅರಳು, ತಂಬಿಟ್ಟು, ಶೇಂಗಾದುಂಡೆ, ಎಳ್ಳುಂಡೆ, ಮರಕ್ಕೆ ಜೋಕಾಲಿ, ತವರಿಗೆ ಬಂದ ಹೆಣ್ಣುಮಕ್ಕಳು. ಆ ದಿನ ನೆಲ ಅಗೆಯುವುದಿಲ್ಲ, ನೇಗಿಲು ಹೂಡುವುದಿಲ್ಲ. ಏಕೆಂದು ಕೇಳಿದರೆ ಅಜ್ಜಿಯಂದಿರು ಒಂದು ಕಥೆಯನ್ನು ಹೇಳುತ್ತಾರೆ. ಒಕ್ಕಲಿಗನೊಬ್ಬನು ಉಳುವಾಗ ನೇಗಿಲಿನ ಕುಳ ತಗುಲಿ ಹುತ್ತದೊಳಗಿನ ಮರಿಗಳು ಸತ್ತುವು. ಅವನಿಗೆ ಅದು ತಿಳಿಯಲೂ ಇಲ್ಲ. ತಾಯಿಹಾವು ಬಂದು ನೋಡಿ, ಕುಳದ ಮೇಲಿನ ನೆತ್ತರಿನ ಗುರುತು ಹಿಡಿದು, ರಾತ್ರಿ ಮನೆಮಂದಿಯನ್ನೆಲ್ಲ ಕಚ್ಚಿ ಕೊಂದಿತು. ಬೇರೆಯೂರಿಗೆ ಕೊಟ್ಟ ಮಗಳೊಬ್ಬಳು ಉಳಿದಿದ್ದಾಳೆಂದು ಅಲ್ಲಿಗೂ ಹೋಯಿತು. ಅಲ್ಲಿ ಅವಳು ಹಲಗೆಯ ಮೇಲೆ ನಾಗಪ್ಪನನ್ನು ಬರೆದು, ಹಾಲಿಟ್ಟು, ಕೈಮುಗಿದು ಕುಳಿತಿದ್ದಳು. ಹಾವಿನ ಸಿಟ್ಟು ಇಳಿಯಿತು. ನಡೆದುದನ್ನು ಹೇಳಿ, ತವರಿನವರು ಮತ್ತೆ ಏಳುವಂತೆ ಮಾಡಿತು.

ಖಾಂಡವದ ಕಥೆಗೂ ಇದಕ್ಕೂ ಇರುವ ಅಂತರವನ್ನು ನೋಡಿರಿ. ಇಲ್ಲಿ ಕಾಡು ಸುಟ್ಟವನ ಮದವಿಲ್ಲ. ಅನ್ನಕ್ಕಾಗಿ ನೆಲವನ್ನು ಸೀಳುವವನ ಕಾಣದ ತಪ್ಪಿದೆ. ನೇಗಿಲ ಹಿಂದೆ ನಡೆಯುವವನಿಗೆ ಕುಳದ ತುದಿಯಲ್ಲಿ ಯಾರು ಸತ್ತರೆಂಬುದು ಕಾಣುವುದಿಲ್ಲವೆಂಬ ಅರಿವು ಈ ಕಥೆಯನ್ನು ಕಟ್ಟಿದ ಒಕ್ಕಲಗಿತ್ತಿಗೆ ಇತ್ತು. ಟ್ರ್ಯಾಕ್ಟರು ಬಂದ ಮೇಲಂತೂ ಉಳುವವನು ನೆಲದಿಂದ ಇನ್ನೂ ಎರಡು ಮೊಳ ಮೇಲಕ್ಕೆ ಹೋಗಿದ್ದಾನೆ.

ನಾನು ಚಿಕ್ಕವನಾಗಿದ್ದಾಗ ಪಂಚಮಿಯ ಹಿಂದಿನ ದಿನ ನಮ್ಮ ಕಣದ ಬಣವೆಯಲ್ಲಿ ನಾಗರಹಾವೊಂದು ಕಾಣಿಸಿತು. ನಾಲ್ಕು ಜನ ಸೇರಿ ಹೊಡೆದರು. ಹೆಡೆಯಲ್ಲಿ ತಾಮ್ರದ ಕಾಸಿಟ್ಟು ಸುಟ್ಟು ಕೈತೊಳೆದುಕೊಂಡರು. ಮರುದಿನ ಅದೇ ನಾಲ್ಕು ಮನೆಯವರು ಮಡಿಯುಟ್ಟು ಕಲ್ಲಿಗೆ ಹಾಲೆರೆದರು. ಕಲ್ಲಿನ ಹಾವಿಗೊಂದು ನ್ಯಾಯ, ಜೀವದ ಹಾವಿಗೊಂದು ನ್ಯಾಯ ಮಾಡುವವರನ್ನು ಬಸವಣ್ಣನವರು 12ನೆಯ ಶತಮಾನದಲ್ಲಿಯೇ ತಮ್ಮ ಪ್ರಸಿದ್ಧ ವಚನದಲ್ಲಿ ಪ್ರಶ್ನಿಸಿದ್ದಾರೆ. ಆ ವಚನವು ನಮ್ಮ ಮಕ್ಕಳಿಗೆಲ್ಲ ಕಂಠಸ್ಥವಾಗಿದೆ. ಕಂಠದಿಂದ ಕೈಗೆ ಇಳಿಯಲು ಮಾತ್ರ ಹೊತ್ತು ಹಿಡಿಯುತ್ತಿದೆ. ಹಾಲಿನ ವಿಷಯದಲ್ಲಿ ಇನ್ನೊಂದು ಮಾತು. ಕೃತಘ್ನರನ್ನು ಕಂಡಾಗ ‘ಹಾವಿಗೆ ಹಾಲೆರೆದಂತೆ’ ಎನ್ನುವ ಗಾದೆ ನಮ್ಮಲ್ಲಿದೆ. ಹಾವಿನ ಆಹಾರ ಇಲಿ, ಕಪ್ಪೆ, ಹಲ್ಲಿ, ಮೊಟ್ಟೆಗಳು. ಹಾಲು ಅದಕ್ಕೆ ಸಹಜವಾದ ಆಹಾರವಲ್ಲ, ಜೀರ್ಣವಾಗುವುದೂ ಇಲ್ಲ. ದಿನಗಟ್ಟಲೆ ನೀರಿಲ್ಲದೆ ಬುಟ್ಟಿಯಲ್ಲಿ ಬಾಯಾರಿದ ಹಾವು ಮಾತ್ರ ಹಾಲಿಗೆ ಬಾಯಿಡುತ್ತದೆ. ತನಗೆ ಸಲ್ಲದ್ದನ್ನು ಹುತ್ತದೊಳಕ್ಕೆ ಸುರಿದು, ತನ್ನ ಮನೆಯನ್ನು ಕೆಸರು ಮಾಡಿ, ಆಮೇಲೆ ಉಪಕಾರ ಸ್ಮರಣೆಯಿಲ್ಲವೆಂದು ಬೈಯುವ ಪ್ರಾಣಿಯನ್ನು ಅದು ಏನೆಂದು ತಿಳಿಯಬೇಕು? ಧೃತರಾಷ್ಟ್ರನು ಈ ಗಾದೆಯನ್ನು ಕೇಳಿದ್ದರೆ ಸಭೆಯಲ್ಲಿ ಅವನ ವಾದಕ್ಕೆ ಇನ್ನೂ ಬಲ ಬರುತ್ತಿತ್ತು.

ಇದನ್ನೆಲ್ಲ ತರಗತಿಯಲ್ಲಿ ಮೂರು ನಾಲ್ಕು ಅವಧಿಗಳಲ್ಲಿ ಹೇಳಿ ಮುಗಿಸಿದ ಮೇಲೆ, ಒಂದು ಮಧ್ಯಾಹ್ನ ಶಾಲೆಯ ಅಡಿಗೆಮನೆಯ ಹಿಂದೆ ಗದ್ದಲವೆದ್ದಿತು. ಸೌದೆಯ ಒಟ್ಟಿಲಿನ ಕೆಳಗೆ ಮಾರುದ್ದದ ಹಾವು. ದೊಡ್ಡ ತರಗತಿಯ ಹುಡುಗರು ಕೋಲು, ಕಲ್ಲುಗಳನ್ನು ಹಿಡಿದು ಸುತ್ತುಗಟ್ಟಿದ್ದರು. ನಾನು ಓಡಿ ಹೋಗುವಷ್ಟರಲ್ಲಿ ಆ ಪ್ರಶ್ನೆಯ ಹುಡುಗನು ಮುಂದೆ ನುಗ್ಗಿ, “ಕೇರಿಹಾವು, ಕೇರಿಹಾವು! ಡುಂಡುಭ ಐತಿ, ಹೊಡಿಬ್ಯಾಡ್ರಲೇ!” ಎಂದು ಕೂಗುತ್ತಿದ್ದನು. ಕೇರೆಗೂ ಡುಂಡುಭಕ್ಕೂ ಇರುವ ಭೇದವನ್ನು ತಿದ್ದುವ ಹೊತ್ತು ಅದಾಗಿರಲಿಲ್ಲ. ಎಲ್ಲರೂ ಅಲುಗದೆ ನಿಲ್ಲಿರೆಂದು ಹೇಳಿದೆ. ನಿಂತರು. ಹಾವು ತಲೆಯೆತ್ತಿ ಒಮ್ಮೆ ಆಚೀಚೆ ನೋಡಿ, ನಾಲಿಗೆಯಾಡಿಸಿ, ಹುಡುಗರ ಕಾಲುಗಳ ನಡುವಿನ ಜಾಗದಲ್ಲಿಯೇ ಹರಿದು, ಕಾಂಪೌಂಡಿನ ಸಂದಿಯಿಂದ ಆಚೆಯ ಮೆಕ್ಕೆಜೋಳದ ಹೊಲಕ್ಕೆ ಇಳಿಯಿತು.

“ಈಗ ನಾವು ಅದಕ್ಕ ಹೆಂಗ ಕಂಡಿವ್ರಿ ಗುರುಗಳೇ?” ಎಂದನು ಹುಡುಗ.

ಹಾವಿನ ಕಣ್ಣು ಚಲನೆಯನ್ನು ಬೇಗ ಗ್ರಹಿಸುತ್ತದೆ, ಅಲುಗದೆ ನಿಂತದ್ದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗಿಡಗಳಂತೆ ಕಂಡಿರಬೇಕು ಎಂದೆ. ಹುಡುಗನು ಕೈಯಲ್ಲಿದ್ದ ಕೋಲನ್ನು ಸೌದೆಯ ಒಟ್ಟಿಲಿಗೆ ಎಸೆದು, ಊಟದ ಸಾಲಿಗೆ ಓಡಿದನು.